ನನ್ನದೇ ಉಸಿರಿನ ಅಳತೆಗೋಲು

ಮೇ ೨೦, ಬುಧವಾರ

ಫೈಬರ್ ಕೆಟ್ಟಿರಲಿಲ್ಲ.

ಜೇನುಗೂಡಿನ ಹಾಗೆ ಒಳಗೆಲ್ಲ ತೂತಿರುವ ಆ ಗಾಜಿನ ಎಳೆಗೆ ಲೇಸರ್ ತೂರಿಸಿದರೆ ಅವಕೆಂಪು ಬೆಳಕು ಅಗಲವಾಗಿ ಹರಡಿಕೊಂಡು ಹೊರಬರುತ್ತದೆ. ಅದರ ದಾರಿಯಲ್ಲಿ ಯಾರದಾದರೂ ಉಸಿರು ತುಂಬಿದರೆ, ಉಸಿರಿನಲ್ಲಿ ಏನೇನಿದೆಯೋ ಅದರದರ ಜಾಗದಲ್ಲಿ ಬೆಳಕು ಕುಸಿದು, ಪರದೆಯ ಮೇಲಿನ ಗೆರೆ ತಗ್ಗುತ್ತದೆ. ಆರೋಗ್ಯವಂತರ ಉಸಿರು ಹೀಗಿರುತ್ತದೆ ಎಂದು ಮೊದಲ ದಿನವೇ ನನ್ನದನ್ನು ಊದಿ ಅಳತೆಗೋಲು ಮಾಡಿಟ್ಟಿದ್ದೆ. ನನಗೇನು ಧಾಡಿ!

ಆಮೇಲೆ ಊದಿದ ಯಾರದೂ ಅಸಿಟೋನ್ ಎಂಬ ಆವಿಯ ಗುರುತು ಬೀಳುವ ಕಡೆ ನನ್ನದಕ್ಕೆ ಹೊಂದಲಿಲ್ಲ. ಎಳೆಯನ್ನು ಬೈದೆ, ಅದನ್ನು ಕೂರಿಸಿದ ಓಂಕಾರನನ್ನೂ ಬೈದೆ. ಇಲ್ಲೇ ಕಾಶಿಯ ಕೇದಾರ ಘಾಟಿನ ಕನ್ನಡ ಪುರೋಹಿತರ ಮನೆಯವನು, ನನ್ನ ಹತ್ತಿರ ಪಿಎಚ್‌.ಡಿ. ಮಾಡುತ್ತಿದ್ದಾನೆ. ಇವತ್ತು ಹೊಸ ಎಳೆ ಹಾಕಿ, ಲ್ಯಾಬಿನ ಎಲ್ಲರಿಂದಲೂ ಮತ್ತೆ ಊದಿಸಿದ.

"ಮ್ಯಾಡಮ್, ಫೈಬರ್ ಬಿಲ್ಕುಲ್ ಠೀಕ್ ಇದೆ. ನಮ್ಮೆಲ್ಲರ ಗೆರೆ ಒಂದರ ಮೇಲೊಂದು ಕೂತಿದೆ. ನಿಮ್ದೊಂದೇ..." ಎಂದು ನನ್ನ ಮುಖ ನೋಡದೆ ನಿಲ್ಲಿಸಿದ.

ನನ್ನ ಗೆರೆ ಮಾತ್ರ ಅಲ್ಲಿ ಹಳ್ಳಕ್ಕೆ ಬಿದ್ದಿತ್ತು. ಅಷ್ಟು ಅಸಿಟೋನ್ ಉಸಿರಿನಲ್ಲಿ ಬರುವುದು ಉಪವಾಸ ಇದ್ದವರಿಗೆ, ಇಲ್ಲವೇ ಸಕ್ಕರೆ ಕಾಯಿಲೆ ವಿಪರೀತಕ್ಕೆ ಹೋದವರಿಗೆ. ನಾನು ಹೊಟ್ಟೆ ತುಂಬ ಉಂಡೇ ಹೋಗಿದ್ದೆ.

ರವಿಕೆಗಳೆಲ್ಲ ಸಡಿಲವಾದಾಗ, ದಿನಾ ಅಸ್ಸಿ ಘಾಟಿನವರೆಗೆ ನಡೆದದ್ದರ ಫಲ ಎಂದು ಹಿಗ್ಗಿದ್ದೆನಲ್ಲ! ಬಾಯಾರಿಕೆಗೆ ಕಾಶಿಯ ಸೆಖೆಯನ್ನು ಬೈದಿದ್ದೆನಲ್ಲ!

ನಾಳೆ ರಕ್ತ ಪರೀಕ್ಷೆ ಮಾಡಿಸಬೇಕು. ಬರೆಯಲು ಕೂರುವಾಗ ತುಂಬಿಟ್ಟುಕೊಂಡ ತಂಬಿಗೆ ಆಗಲೇ ಖಾಲಿ. ಮತ್ತೆ ನಾಲಿಗೆ ಒಣಗುತ್ತಿದೆ. ನೀರಿಗೆ ಏಳಲು ಭಯವಾಗುತ್ತಿದೆ.