ಕಿಟಕಿಯ ಕೆಳಗಿನ ಪುದೀನ

ಮೇಲ್ಮನೆಯ ಅಕ್ಕನವರಿಗೆ ನಮಸ್ಕಾರಗಳು.

ನಿಮ್ಮ ಮೊಮ್ಮಗಳಿಗೆ ಜೇನುಹುಳ ಕಚ್ಚಿ ಉಸಿರು ಕಟ್ಟಿದಾಗ ನನಗೂ ಕೈಕಾಲು ಆಡಲಿಲ್ಲ. ಮಗು ಆಸ್ಪತ್ರೆಯಿಂದ ಮನೆಗೆ ಬಂದ ಮೇಲೇ ಜೀವ ಬಂದಂತಾಯಿತು.

“ಆ ಪುದೀನ ಬೇರುಸಮೇತ ಕಿತ್ತಾಕು, ಇಲ್ಲಾಂದ್ರೆ ಮನೆ ಖಾಲಿ ಮಾಡು” ಅಂದಿರಿ. ಜೇನು ಬರುವುದು ಹೂವಿಗಲ್ಲವೇ ಎಂದು ಹೂವನ್ನಷ್ಟೇ ಕತ್ತರಿಸಿದ್ದೆ.

ಲಕ್ವ ಹೊಡೆದು ಮಾತು ನಿಂತ ನಮ್ಮ ಯಜಮಾನರು ದಿನವಿಡೀ ಕಿಟಕಿಯಲ್ಲಿ ಕೂತು ಆ ಜೇನುಗಳನ್ನೇ ನೋಡುತ್ತಿದ್ದರು. ಇವತ್ತು ಹೂವಿಲ್ಲದ ಗಿಡ ಕಂಡು ನನ್ನ ಕೈ ಬಿಗಿಯಾಗಿ ಹಿಡಿದು, “ಎಲ್ಲಿ ಹೋದ್ವೇ?” ಎಂದು ಕೇಳಿಬಿಟ್ಟರು! ಎಷ್ಟೋ ತಿಂಗಳ ಮೇಲೆ ಆಡಿದ ಮೊದಲ ಮಾತು.

ಸಂಜೆ ಬೇರನ್ನೂ ಕೀಳುತ್ತೇನೆ, ಗುದ್ದಲಿ ಕೊಡಿ. ಅಷ್ಟು ಹೊತ್ತು ಅವರನ್ನು ನಿಮ್ಮ ಕೋಣೆಯಲ್ಲಿ ಕೂರಿಸಿಕೊಳ್ಳಿ. ಮತ್ತೆ ಅದನ್ನೇ ಕೇಳಿದರೆ, ದಯವಿಟ್ಟು ನೀವೇ ಏನಾದರೂ ಹೇಳಿ.

ಇಂತಿ,
ಕೆಳಮನೆಯವಳು