ಎಡಗಾಲಿನ ಸ್ವರಗಳು

ಸೆಪ್ಟೆಂಬರ್ 3

ಭಾನುವಾರದ ಪ್ರಾರ್ಥನೆಗೆ ಅಭ್ಯಾಸ. ಎಡಗಾಲನ್ನು ಆರ್ಗನ್‌ನ ತಳದ ಸ್ವರಗಳ ಪೆಡಲ್ ಮೇಲೆ ಜಾರಿಸಿದಾಗ ಮತ್ತೆ ಅದೇ ನೋವು. ಬೂಟು ಬಿಚ್ಚಿ ನೋಡಿದೆ. ಅಂಗಾಲಿನ ನಡುವೆ ಎರಡು ಗಂಟು, ಚೆರ್ರಿ ಗಾತ್ರ. ಒತ್ತಿದರೆ ಕಲ್ಲು.

ಚರ್ಚ್ ನೋಡಿಕೊಳ್ಳುವ ಮುದುಕ ಓಡ್ವಾರ್ ಪೊರಕೆ ಹಿಡಿದು ಇಣುಕಿದ. "ಏನಮ್ಮಾ ಟೋರುನ್, ಕಾಲಲ್ಲಿ ಗೋಲಿ ಇಟ್ಕೊಂಡಿದ್ಯಾ?"

ಸೆಪ್ಟೆಂಬರ್ 11

ನಗರದ ಆಸ್ಪತ್ರೆ. ಸ್ಕ್ಯಾನ್ ಆಯಿತು.

"ಕ್ಯಾನ್ಸರ್ ಅಲ್ಲ," ಎಂದಳು ಡಾಕ್ಟರ್. "ಚರ್ಮದಡಿಯ ಪೊರೆ ದಪ್ಪ ಆಗಿ ಗಂಟು ಕಟ್ಟಿದೆ. ಜೀವಕ್ಕೇನೂ ಭಯ ಇಲ್ಲ."

"ನೋವಿಗೆ?"

"ಬೂಟಿನೊಳಗೆ ಮೆತ್ತೆ. ಆಮೇಲೆ ಇಂಜೆಕ್ಷನ್. ವಿಕಿರಣ ಕೊಡೋದು ಗಂಟು ಎಳೇದಾಗಿದ್ದಾಗ, ನಿಮ್ದು ಬಲಿತಿದೆ. ಕೊಯ್ದು ತೆಗೀಬಹುದು, ಆದ್ರೆ ಮತ್ತೆ ಬರೋದೂ ಉಂಟು... ಇದು ವಂಶದಲ್ಲಿ ಬರುತ್ತೆ, ಕೈಗೂ ಬರುತ್ತೆ. ಮನೇಲಿ ಯಾರದಾದ್ರೂ ಬೆರಳು ಬಗ್ಗಿದ್ಯಾ?"

ಅಪ್ಪನದು.

ಸೆಪ್ಟೆಂಬರ್ 14

ವೃದ್ಧಾಶ್ರಮಕ್ಕೆ ಹೋಗಿದ್ದೆ. ನನಗಿಂತ ಮೊದಲು ಅದೇ ಆರ್ಗನ್ ನುಡಿಸುತ್ತಿದ್ದವನು ಅಪ್ಪ. ಬೆರಳುಗಳು ಅಂಗೈಯೊಳಗೆ ಮಡಚಿಕೊಂಡು ಎಷ್ಟೋ ವರ್ಷ. ಬ್ರೆಡ್ಡಿಗೆ ಕಂದು ಚೀಸ್ ಹಚ್ಚಿ ತಿನ್ನಿಸುತ್ತ ವಿಷಯ ಹೇಳಿದೆ. ನಕ್ಕ.

"ನಂಗೆ ಮೇಲಿಂದ ಬಂತು, ನಿಂಗೆ ಕೆಳಗಿಂದ. ಇಬ್ರನ್ನೂ ಹೊಲಿದ್ರೆ ಊರಿಗೊಬ್ಬ ಒಳ್ಳೆ ಆರ್ಗನಿಸ್ಟ್ ಸಿಗ್ತಾನೆ."

ಆಮೇಲೆ ನಗಲಿಲ್ಲ. "ಕೊಯ್ಸ್ಕೋಬೇಡ. ನಂದು ಎರಡು ಸಲ ಕೊಯ್ದ್ರು. ಎರಡು ಸಲಾನೂ ಇನ್ನೂ ಬಿಗಿಯಾಗಿ ಬಂತು."

ಹೊರಡುವಾಗ: "ನನ್ನ ಸಂಸ್ಕಾರಕ್ಕೆ ನೀನೇ ನುಡಿಸ್ಬೇಕು. ಆ ಪಾದ್ರಿ ಮೊಬೈಲಲ್ಲಿ ಹಾಡು ಹಾಕಿದ್ರೆ ಎದ್ದು ಕೂತ್ಬಿಡ್ತೀನಿ, ನೋಡ್ಕೋ."

ಅಕ್ಟೋಬರ್ 20

ಇಂಜೆಕ್ಷನ್ ಗಂಟಿನೊಳಕ್ಕೇ. ಕಿರುಚಿದೆ — ನಾಚಿಕೆಯಾಯಿತು. ಮೆತ್ತೆಗೆ ಗಂಟಿನ ಜಾಗದಲ್ಲಿ ಗುಳಿ ಕೊರೆದುಕೊಟ್ಟಿದ್ದಾರೆ. ನಡೆಯಲು ಸರಿ. ನುಡಿಸುವ ಬೂಟಿನೊಳಗೆ ಹಿಡಿಸುವುದಿಲ್ಲ.

ನವೆಂಬರ್ 2

ಸುಖ ಕೆಲವೇ ದಿನ. ನಿನ್ನೆ ಪ್ರಾರ್ಥನೆಯ ಮಧ್ಯೆ ಕಾಲೆತ್ತಿಬಿಟ್ಟೆ. ಕೆಳಗಿನ ಸ್ವರ ನಿಂತುಹೋಗಿ ಜನ ತಿರುಗಿ ನೋಡಿದರು. ಕೊಯ್ಸಿಕೊಳ್ಳುತ್ತೇನೆ. ಅಪ್ಪನಿಗೆ ಹೇಳುವುದಿಲ್ಲ.

ನವೆಂಬರ್ 9

ಆಯಿತು. ಗಂಟುಗಳ ಜೊತೆ ಪೊರೆಯನ್ನೂ ತೆಗೆದರಂತೆ. ಕಾಲೂರುವಂತಿಲ್ಲ. ಊರುಗೋಲು.

ನವೆಂಬರ್ 24

ಹೊಲಿಗೆಯ ಅಂಚು ಕಪ್ಪಾಗಿ ಬಾಯಿಬಿಟ್ಟಿದೆ. ಹೆಬ್ಬೆರಳಿನ ಬುಡದಲ್ಲಿ ಮುಟ್ಟಿದರೂ ಗೊತ್ತಾಗುವುದಿಲ್ಲ. ಅಂಗಾಲಿನ ಗಾಯ ಮಾಯುವುದು ನಿಧಾನ, ಎನ್ನುತ್ತಾಳೆ ನರ್ಸ್.

ಅಪ್ಪನಿಗೆ ನ್ಯುಮೋನಿಯಾ. ಫೋನ್ ಮಾಡಿದೆ.

"ಯಾಕೆ ಬರ್ಲಿಲ್ಲ?"

"ಹಿಮ ಅಪ್ಪ, ರಸ್ತೆ ಸರಿಯಿಲ್ಲ."

"ನಿಂಗೆ ಸುಳ್ಳು ಹೇಳೋಕೆ ಬರಲ್ಲ. ಕೊಯ್ಸ್ಕೊಂಡ್ಯಾ?"

ಹೂಂ ಎಂದೆ. ಅವನ ಉಸಿರು ಗೊರಗುಟ್ಟಿತು.

"ತುಂಬಾ ನೋಯ್ತಿದ್ಯಾ, ಮಗಳೇ?"

ನವೆಂಬರ್ 27

ಅಪ್ಪ ಹೋದ. ಬೆಳಿಗ್ಗೆ, ಯಾರೂ ಇಲ್ಲದಾಗ. ಎದೆಯ ಮೇಲೆ ಕೈ ಜೋಡಿಸಲು ನೋಡಿದರಂತೆ, ಬೆರಳು ಬಿಡಿಸಲಾಗಲಿಲ್ಲ. ಹಾಗೇ ಬಿಡಿ ಎಂದೆ.

ಡಿಸೆಂಬರ್ 4

ಪಾದ್ರಿ ಬಂದಿದ್ದ. ನಾಳಿನ ಸಂಸ್ಕಾರಕ್ಕೆ ಧ್ವನಿಮುದ್ರಿಕೆ ಹಾಕೋಣ, ಯಾರೂ ತಪ್ಪು ತಿಳಿಯಲ್ಲ ಎಂದ. ಆಗಲ್ಲ ಎಂದೆ. ಬಲಗಾಲು ಗಟ್ಟಿಯಿದೆ. ಆದರೆ ತಳದ ಸ್ವರಗಳೆಲ್ಲ ಎಡಗಾಲಿನವು.

ಓಡ್ವಾರ್ ಟೋಪಿ ತಿರುಗಿಸುತ್ತ ನಿಂತಿದ್ದ. "ಪೆಡಲ್ ಕೈಯಿಂದ ಒತ್ತಿದ್ರೂ ಮೊಳಗುತ್ತಲ್ವಾ?"

ಡಿಸೆಂಬರ್ 5, ಸಂಜೆ

ಓಡ್ವಾರ್ ನನ್ನನ್ನು ಬೆನ್ನ ಮೇಲೆ ಹೊತ್ತು ಆರ್ಗನ್ ಇರುವ ಮಾಳಿಗೆ ಹತ್ತಿಸಿದ. ಕರಿ ಕೋಟಿನಲ್ಲೇ ಬೆಂಚಿನಡಿ ಬೋರಲು ಮಲಗಿದ. ಪೆಡಲ್‌ಗಳ ಮೇಲೆ ಸೀಮೆಸುಣ್ಣದ ಅಂಕಿಗಳು. ನಾನು ಪಿಸುಗುಟ್ಟುವುದು, ಅವನು ಒತ್ತುವುದು. ಎರಡು ಸಲ ತಪ್ಪಿದ. ಬೆಂಚಿನಡಿಯಿಂದ ಬೈಗುಳವೂ ಕೇಳಿಸಿತು — ದೇವರ ಮನೆಯಲ್ಲಿ. ನನ್ನ ಕಾಲು ಕುರ್ಚಿಯ ಮೇಲೆ, ಬ್ಯಾಂಡೇಜು ಒದ್ದೆ.

ಕೊನೆಯ ಹಾಡು. ಕೆಳಗೆ ಶವಪೆಟ್ಟಿಗೆ ಎತ್ತಿದರು. ಕೊನೆಯ ಸ್ವರಕ್ಕೆ "ಒಂದು" ಎಂದೆ. ಎರಡೂ ಕೈಯಲ್ಲಿ ಒತ್ತಿದ. ನಾನು ಕೈಯೆತ್ತಿದೆ. ಅವನು ಬಿಡಲಿಲ್ಲ. ಬಾಗಿಲು ತೆರೆಯಿತು, ಹಿಮಗಾಳಿ ಒಳಬಂತು, ಅಪ್ಪ ಹೊರಗೆ ಹೋದ, ಆ ಸ್ವರ ಇನ್ನೂ ಗೋಡೆಗಳಲ್ಲಿ ನಡುಗುತ್ತಿತ್ತು. ಬಗ್ಗಿ ನೋಡಿದೆ. ಓಡ್ವಾರ್ ಮುಖ ನೆಲಕ್ಕೆ, ಹೆಗಲು ಅದುರುತ್ತಿತ್ತು. ಸಾಕು ಎನ್ನಬೇಕಿತ್ತು. ಬಾಗಿಲು ಮುಚ್ಚುವವರೆಗೂ ಒತ್ತಲಿ ಎಂದು ಬಿಟ್ಟೆ.