ಕುಮಟೆಯ ಮನೆಯಲ್ಲಿ ಒಂದು ಪಾಲು

ಬನವಾಸಿ, ೯ ಏಪ್ರಿಲ್ ೧೯೬೧, ರವಿವಾರ

ಕುಮಟೆಯ ಕಡಲ ದಂಡೆಯಲ್ಲಿ ಹನ್ನೆರಡು ಮನೆತನಗಳು ಕೂಡಿ ಒಂದು ಮನೆ ಕೊಳ್ಳಲಿವೆ. ಬೇಸಗೆಯಲ್ಲಿ ಪ್ರತಿ ಮನೆತನಕ್ಕೂ ಎಂಟು ದಿನಗಳ ವಾಸ. ನಾವೂ ಪಾಲು ಹಿಡಿಯುವೆವೋ ಇಲ್ಲವೋ, ಅಪ್ಪ ನಾಳೆಯೇ ತಿಳಿಸಬೇಕು. “ವರ್ಗಕ್ಕ ಪೈಲಾ ನಂಬರ ಬಂದಾಕಿ, ಲಾಭ ಏನು, ಲುಕ್ಸಾನ ಏನು, ನೀನ ಬರದು ಕೊಡವಾ” ಎಂದರು. ಹೆಮ್ಮೆಯಿಂದಲೇ ಕುಳಿತೆ.

ಬೇಡವೆಂದು ಬರೆದೆ. ಇಷ್ಟು ವರ್ಷ ಬೇಸಗೆಗೆ ಕುಮಟೆಗೆ ಹೋದಾಗ ನಾವು ಇಳಿಯುತ್ತಿದ್ದುದು ಅಪ್ಪನ ವ್ಯಾಪಾರದ ಗೆಳೆಯರಾದ ಪಾಂಡುರಂಗ ಶೇಟರ ಮನೆಯಲ್ಲಿ. ಅವರ ಮಡದಿ ಸುಂದರಾಬಾಯಿ ಬಾವಿಯ ನೀರಿನಿಂದ ನನ್ನ ಕಾಲಿನ ಮರಳನ್ನು ತೊಳೆದು, ಉಪ್ಪುಗಟ್ಟಿದ ಕೂದಲಿಗೆ ಎಣ್ಣೆ ಹಚ್ಚಿ ಬಾಚುತ್ತಿದ್ದರು. ಯಾರಿಗೂ ಏನೂ ಖರ್ಚು ತಗಲದೆ ಒದಗಿದ್ದ ಆ ಸುಖವನ್ನು ಬಿಟ್ಟು ಪಾಲಿನ ಮನೆಯೇಕೆ?

ಅವ್ವ ಓದಿ ನಕ್ಕಳು. “ಭಾಳ ಶಾಣ್ಯಾಕಿ ಬಿಡು! ನಾವಿರೂ ಅಷ್ಟೂ ದಿನ ಆ ಮನ್ಯಾಗ ಮೀನ ಬೇಯತಿದ್ದಿಲ್ಲ, ಗೊತ್ತೈತೇನು? ಲಿಂಗವಂತರು ಬಂದಾರಂತ ಒಲಿ ಸಾರಿಸಿ, ಹೊಸಾ ಗಡಿಗಿ ತಂದು ಅಡಿಗಿಮನಿ ನನಗ ಬಿಟ್ಟು ಕೊಡತಿದ್ಲು ಆಕಿ. ಅವರ ಹುಡುಗೂರು ಸಪ್ಪಗ ಉಣ್ಣತಿದ್ವು.”

ಶೇಟರ ಕಿರಿಯ ಮಗಳು ಪ್ರತಿ ಸಲವೂ “ನೀವು ಯಾವಾಗ ಹೋಗುವುದು?” ಎಂದು ಕೇಳುತ್ತಿದ್ದಳು. ನನ್ನನ್ನು ಅಗಲಲಾರದೆ ಕೇಳುತ್ತಾಳೆಂದು ಇಂದಿನವರೆಗೂ ನಂಬಿದ್ದೆ.

ಆ ಕಾಗದವನ್ನು ಹರಿದು, ಪಾಲು ಕೊಳ್ಳುವುದೇ ಸರಿಯೆಂದು ಬೇರೆ ಬರೆದಿಟ್ಟಿದ್ದೇನೆ. ನಷ್ಟದ ಕಡೆ ಏನನ್ನೂ ತುಂಬಲಿಲ್ಲ, ಸುಂದರಾಬಾಯಿಯ ಎಣ್ಣೆಯ ಕೈಯನ್ನೂ. ತುಂಬಿದರೆ ಅಪ್ಪ ಪಾಲು ಬೇಡವೆಂದಾರು.